ಸೊಣ್ಣಮ್ಮ ಕೊಟ್ಟ ಎರಡು ಬಾಗಿನ

ಆವತಿ
11-9-1946

ಮಗಳು ಅನುಸೂಯಳಿಗೆ ನಿಮ್ಮಪ್ಪನ ಆಶೀರ್ವಾದ. ಅಳಿಯಂದಿರೂ ಮಗುವೂ ಆರೋಗ್ಯವೆಂದು ನಂಬಿದ್ದೇನೆ.

ನಿಮ್ಮತ್ತಿಗೆ ಸೊಣ್ಣಮ್ಮ ನಿನಗೆ ಹೇಳಿದ ಮಾತನ್ನು ಸಾಕ್ಷಿಯಾಗಿ ಕೇಳಲು ಜಡ್ಜಿಯವರು ನಿನ್ನೆ ಒಪ್ಪಿದ್ದಾರೆ. ಇದನ್ನು ನನಗೆ ತಿಳಿಸಿದವರು ಸರ್ಕಾರಿ ವಕೀಲರು. ಏನೂ ತೀರ್ಮಾನವಾಗದೆ ನಿನ್ನನ್ನು ಹೆದರಿಸಬಾರದೆಂದು ಇಷ್ಟು ದಿನ ಕಾಗದ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಒಬ್ಬರಿಂದ ಕೇಳಿದ ಮಾತನ್ನು ಕೋರ್ಟು ಒಪ್ಪುವುದಿಲ್ಲ, ನಿನ್ನನ್ನು ಕರೆಸುವುದಿಲ್ಲ ಎಂದು ಪತ್ರಿಕೆಯ ವರದಿಗಳನ್ನು ನಂಬಿ ಹಿಂದೆ ಬರೆದಿದ್ದೆ. ಅದು ಪೂರ್ತಿ ಸರಿಯಲ್ಲ.

"ನಿಮ್ಮ ಮಗ ಹೆಂಡತೀನ ಬಾವಿಗೆ ತಳ್ಳಿದ ಅನ್ನೋದಕ್ಕೆ ಈ ಮಾತು ಸಾಕ್ಷಿ ಅಲ್ಲ, ಯಜಮಾನ್ರೇ. ಆಕೆ ಮನಸ್ಸಲ್ಲಿ ಏನಿತ್ತು ಅನ್ನೋದಕ್ಕೆ ಮಾತ್ರ" ಎಂದರು ವಕೀಲರು.

ಹೊಟ್ಟೆನೋವು ತಾಳದೆ ಅವಳೇ ಬಿದ್ದಳೆಂದು ನಿಮ್ಮಣ್ಣ ಗಂಗಣ್ಣ ಹೇಳುತ್ತಾನೆ. ಹೋದ ವರ್ಷದ ಗೌರಿಹಬ್ಬದಲ್ಲಿ ಅವಳು ನಿನಗೆ ಒಂದರ ಬದಲು ಎರಡು ಬಾಗಿನ ಕೊಟ್ಟದ್ದನ್ನು ಬೀದಿಯ ಹೆಂಗಸರೆಲ್ಲ ನೋಡಿದ್ದಾರೆ. ಸಾಯಲು ಆಗಲೇ ತೀರ್ಮಾನಿಸಿದ್ದಳು, ಅದಕ್ಕೇ ಮುಂದಿನ ವರ್ಷದ್ದನ್ನೂ ಕೊಟ್ಟಳು ಎಂಬುದು ಅವನ ವಕೀಲರ ವಾದ. ಆದರೆ ಕೊಡುವಾಗ ಅವಳು ಆಡಿದ ಮಾತು ಕೇಳಿದವಳು ನೀನೊಬ್ಬಳೇ. ಪೊಲೀಸರಿಗೆ ನೀನು ಹೇಳಿದ್ದನ್ನು ಸರ್ಕಾರಿ ವಕೀಲರು ನನಗೆ ಓದಿ ಹೇಳಿದರು:

"ನಂಗೆ ಬದುಕ್ಬೇಕು ಅಂತ ಆಸೆ ಐತೆ ಕಣೆ. ಆದ್ರೆ ನಿಮ್ಮಣ್ಣ ಬಾವಿ ತಾವ ಬಾ ಅಂದ್ರೆ ಕೈಕಾಲು ನಡುಗ್ತವೆ. ಬರೋ ವರ್ಷದ್ದೂ ಈಗ್ಲೇ ತಗೊಂಡ್ಬಿಡು."

ಇದಿಷ್ಟನ್ನೇ ಹೇಳು. ನಿನ್ನ ಊಹೆ ಸೇರಿಸಬೇಡ. ಅವಳು ತಮಾಷೆಗೆ ಹೇಳಿರಬಹುದಲ್ಲವೇ ಎಂದು ಗಂಗಣ್ಣನ ವಕೀಲರು ಕೇಳುತ್ತಾರೆ, ಗದರಿಸಲೂಬಹುದು. ಅವಳು ನಕ್ಕಿದ್ದರೆ ನಕ್ಕಳು ಅನ್ನು, ಇಲ್ಲವಾದರೆ ಇಲ್ಲ ಅನ್ನು.

ನಿಮ್ಮಮ್ಮ ಒಪ್ಪುತ್ತಿಲ್ಲ. "ಸತ್ತೋಳ ಬಾಯಿಗೆ ನನ್ ಮಗಳು ಯಾಕೆ ನಾಲ್ಗೆ ಆಗ್ಬೇಕು? ಇರೋನೊಬ್ಬ ಮಗ, ಅವನನ್ನ ಗಲ್ಲಿಗೆ ಕಳ್ಸೋಕೆ ಓದ್ತೀರಾ ನೀವು ದಿನಾ ಆ ಪೇಪರ್ರು?" ಎಂದಳು. ಅನ್ನ ಬಡಿಸಿದಳು, ಉಂಡೆ. ಅವಳು ಹೆತ್ತವಳು, ಅವಳ ಮೇಲೆ ನನಗೆ ಕೋಪವಿಲ್ಲ. ನನಗೂ ಅವನು ಮಗನೇ. ಪತ್ರಿಕೆಯಲ್ಲಿ ಗಲ್ಲು ಎಂಬ ಪದ ಕಂಡರೆ ಈಗ ಆ ಪುಟ ಮಡಚಿಡುತ್ತೇನೆ.

ಮಗುವಿಗೆ ನೆಗಡಿ ಎಂದಿದ್ದೆ, ದೊಡ್ಡಬೆಳವಂಗಲದಲ್ಲಿ ಈಗ ಚಳಿಗಾಳಿ, ಕಿವಿ ಮುಚ್ಚಿ ಕಟ್ಟು. ನೀವೆಲ್ಲರೂ ನೂರು ಕಾಲ ಚೆನ್ನಾಗಿರಿ.

ನಿಮ್ಮಪ್ಪ,
ವೆಂಕಟರಾಮಪ್ಪ

ಮತ್ತೆ: ನಿಮ್ಮಮ್ಮ ಎದುರಿಗೇ ಕೂತಿದ್ದಳು, ಈಗ ಹಿತ್ತಲಿಗೆ ಹೋದಳು. ಗಂಗಣ್ಣನಿಗೆ ಜಾಮೀನು ಸಿಕ್ಕಿ ಸೋಮವಾರ ಮನೆಗೆ ಬಂದ. ನಿನ್ನೆ ರಾತ್ರಿ "ಅನುಸೂಯ ಯಾವ ಬಸ್ಸಿಗೆ ಬರ್ತಾಳಪ್ಪಾ?" ಎಂದು ಕೇಳಿದ. ಗೊತ್ತಿಲ್ಲವೆಂದೆ. ನಾನು ಎತ್ತಿ ಆಡಿಸಿದ ಮಗನಿಗೆ ಹೆದರಿ ಸುಳ್ಳು ಹೇಳಿದೆ. ಅವನು ಹೋಗಿ ನಿಮ್ಮಮ್ಮನನ್ನು ಕೇಳಿದ. ದಾರಿಯಲ್ಲಿ ಅಣ್ಣ ತಂಗಿ ಮಾತಾಡಿಕೊಳ್ಳಲಿ ಎಂದು ನೀನು ಯಾವಾಗಲೂ ಬರುವ ಬಸ್ಸನ್ನು ಅವಳು ಹೇಳಿಬಿಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಎದ್ದಾಗ ಅವನು ಮನೆಯಲ್ಲಿರಲಿಲ್ಲ. ನೀನು ಆ ಬಸ್ಸು ಹತ್ತಬೇಡ. ಅಳಿಯಂದಿರ ಜೊತೆ ದೊಡ್ಡಬಳ್ಳಾಪುರಕ್ಕೆ ಹೋಗಿ ರೈಲಿನಲ್ಲಿ ಬಾ. ಬೆಂಗಳೂರು ಸ್ಟೇಷನ್ನಿನಲ್ಲಿ ನಾನಿರುತ್ತೇನೆ. ಬೆಂಗಳೂರು ಕೋರ್ಟಿನಲ್ಲಿ ನಿನ್ನ ಸಾಕ್ಷಿ ಹದಿನೆಂಟನೇ ತಾರೀಖು ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.