ಆಕಾಶಕ್ಕೆ ನಾಲ್ಕಾಣೆ

ದೇಶದ ಬಜೆಟ್ ಬರೆಯುವ ಹಿರಿಯ ಅಧಿಕಾರಿಗಳೇ,

ನಮ್ಮ ರಾಕೆಟ್ಟನ್ನು ನೆಲದ ಮೇಲೇ ನಿಲ್ಲಿಸಿಬಿಟ್ಟಿದ್ದೀರಿ. ‘ನಮ್ಮ’ ಎಂದದ್ದು ದೇಶಭಕ್ತಿಯ ಉಬ್ಬರದಲ್ಲಲ್ಲ. ಅದರೊಳಗೆ ಕೂರುವ ಹೆಬ್ಬೆರಳು ಗಾತ್ರದ ಒಂದು ವಾಲ್ವು ಮೈಸೂರಿನ ನನ್ನ ಮೂರು ಲೇತ್‌ಗಳ ವರ್ಕ್‌ಷಾಪಿನಲ್ಲಿ ಹುಟ್ಟಿದ್ದು. ಆ ಆರ್ಡರು ಬಂದ ದಿನದಿಂದ ನನ್ನ ಕಾಲು ನೆಲದ ಮೇಲಿಲ್ಲ. ಹಾಲು ತರಲು ಹೋದರೂ ಆಕಾಶ ನೋಡುತ್ತಾ ನಡೆದು ಎರಡು ಸಲ ಚರಂಡಿಗೆ ಇಳಿದಿದ್ದೇನೆ.

ವಾಲ್ವು ಕಡೆದವನು ಅಶೋಕಪುರಂನ ಜವರಪ್ಪ. ವಯಸ್ಸು ಎಪ್ಪತ್ತೆರಡು, ಐವತ್ತು ವರ್ಷ ಪಂಪ್‌ಸೆಟ್ಟಿನ ಬುಷ್ ಕಡೆದ ಕೈ. ಆಯುಧಪೂಜೆಯ ದಿನ ಲೇತ್‌ಗಳಿಗೆಲ್ಲ ಕುಂಕುಮ ಹಚ್ಚಿದವನು, ಸಿದ್ಧವಾಗಿದ್ದ ವಾಲ್ವಿಗೂ ಭಕ್ತಿಯಿಂದ ಹಚ್ಚಿಬಿಟ್ಟ! ಒರೆಸಿಯೇ ಕಳಿಸಿದೆವು. ಆದರೆ ಬಾಹ್ಯಾಕಾಶ ಸಂಸ್ಥೆಯ ತಪಾಸಣೆಯ ತೇಜಸ್ವಿನಿ ಮೇಡಂ ಭೂತಗನ್ನಡಿ ಹಿಡಿದು ನೋಡಿ, ‘ಒಳಗೆ ಕೆಂಪು ಪುಡಿ ಕಂಡುಬಂದಿದೆ, ಮೂಲ ತಿಳಿಸಿ’ ಎಂದು ಪತ್ರ ಬರೆದರು. ‘ಮೂಲ: ದೇವರಾಜ ಮಾರುಕಟ್ಟೆ’ ಎಂದು ಪ್ರಾಮಾಣಿಕವಾಗಿ ಉತ್ತರಿಸಿದೆ. ಜವರಪ್ಪನನ್ನು ಗದರಿಸಿದರೆ, “ಸೈಕಲ್ಲಿಗೇ ಪೂಜೆ ಮಾಡ್ತೀವಿ, ಇದು ಮ್ಯಾಲಕ್ಕೋಗೋ ಸಾಮಾನು ಕಣ್ರೀ! ಅಂಗೇ ಕಳ್ಸೋಕಾಯ್ತದಾ?” ಎಂದ. ಹೊಸದನ್ನು ಕಡೆದ. ಈ ಸಲ ಕುಂಕುಮ ಬಿದ್ದದ್ದು ನಕ್ಷೆಯ ಹಾಳೆಗೆ ಮಾತ್ರ. ವಾಲ್ವು ಪಾಸಾಯಿತು, ನಾನು ವರ್ಕ್‌ಷಾಪಿನಲ್ಲೇ ಕುಣಿದೆ.

ಅಷ್ಟರಲ್ಲಿ ಮೇಡಂ ಫೋನು: “ಸಾರ್, ಈ ವರ್ಷದ ಅನುದಾನ ಸಾಲದಂತೆ. ಉಡಾವಣೆ ಮುಂದಿನ ವರ್ಷ, ಇಲ್ಲಾ ಅದರ ಮುಂದಿನ ವರ್ಷ.”

ಮಾನ್ಯರೇ, ಹದಿನೈದಿಪ್ಪತ್ತು ವರ್ಷಗಳ ಹಿಂದೆ ಸರ್ಕಾರ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಬಾಹ್ಯಾಕಾಶಕ್ಕೆ ಸುಮಾರು ಎಂಟಾಣೆ ಹೋಗುತ್ತಿತ್ತು. ಈಗ ಹೆಚ್ಚುಕಡಿಮೆ ನಾಲ್ಕಾಣೆ. ಆ ನಾಣ್ಯವನ್ನು ನೀವೇ ಚಲಾವಣೆಯಿಂದ ತೆಗೆದಿದ್ದೀರಿ, ನೆನಪಿದೆಯೇ? ಒಟ್ಟು ಮೊತ್ತ ಬೆಳೆದಿದೆ ಎನ್ನುವಿರಿ. ಬೆಳೆದಿದೆ, ಒಪ್ಪಿದೆ. ಆದರೆ ಎಲೆ ಇಷ್ಟು ಅಗಲವಾದ ಮೇಲೂ ಪಾಯಸವನ್ನು ಉಪ್ಪಿನಕಾಯಿಯಂತೆ ಬಡಿಸುವುದು ಯಾವ ಊರಿನ ಔತಣ? ಚಂದ್ರನ ಮೇಲೆ ಇಳಿದ ದಿನ ಲಡ್ಡು ಹಂಚಲು ಎಲ್ಲರೂ ಮುಂದೆ. ಲಡ್ಡಿಗೆ ಸಕ್ಕರೆ ಕೇಳಿದರೆ ಕಡತ ಪರಿಶೀಲನೆಯಲ್ಲಿ!

ಮುಂದೂಡಿದ ಸುದ್ದಿ ಹೇಳಿದಾಗ ಜವರಪ್ಪ ಲೇತ್ ನಿಲ್ಲಿಸಿ ಕೈ ಒರೆಸಿಕೊಂಡ. “ಅಂಗಾದ್ರೆ ನನ್ ವಯಸ್ನೂ ಎಲ್ಡ್ ವರ್ಷ ಮುಂದಕ್ಕೆ ಹಾಕ್ತಾರಾ, ಒಂದ್ಮಾತು ಕೇಳ್ಬುಡಿ” ಎಂದ. ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಅವನು ಕಡೆದ ಸಾವಿರಾರು ಬುಷ್‌ಗಳೆಲ್ಲ ಪಂಪಿನೊಂದಿಗೆ ಬಾವಿಗೆ ಇಳಿದವು. ಮೇಲೆ ಹೋಗುವುದು ಇದೊಂದೇ.

ಅದಕ್ಕೇ ಈ ಪತ್ರ. ಕಳೆದುಹೋದ ನಾಲ್ಕಾಣೆಯನ್ನು ಆಕಾಶಕ್ಕೆ ಮರಳಿಸಿ, ಉಡಾವಣೆಯ ದಿನವನ್ನು ಈ ವರ್ಷಕ್ಕೇ ತನ್ನಿ. ಅಂದು ಒಡೆಯಲೆಂದು ಜವರಪ್ಪ ಬೂದುಗುಂಬಳಕಾಯಿ ತಂದು ಅಟ್ಟದ ಮೇಲಿಟ್ಟಿದ್ದಾನೆ. ಕಾಯಿ ಗಟ್ಟಿಯಾಗಿದೆ, ವರ್ಷವಾದರೂ ಕೆಡುವುದಿಲ್ಲ. ತಂದವನ ಬಗ್ಗೆ ಆ ಭರವಸೆ ನಾನು ಕೊಡಲಾರೆ.

ಇಂತಿ,
ಕತ್ತೆತ್ತಿಕೊಂಡೇ ನಡೆದು ಚರಂಡಿಗೆ ಬೀಳುವ ತೆರಿಗೆದಾರ,
ಸದಾಶಿವಯ್ಯ
ಸಿದ್ಧಾರ್ಥನಗರ, ಮೈಸೂರು