ಕೋಲ್ಡ್ ಸ್ಟೋರೇಜಿನ ಸಭೆಯಲ್ಲಿ ನೀನು ಕೇಳಿದ್ದು

ಅಕ್ಕಾ,

ನಾನು ಕಾಗದ ಬರೆಯುತ್ತಿದ್ದೇನೆ ಅಂದರೆ ನೀನು ನಂಬಲಿಕ್ಕಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲು, ತಿದ್ದಿಕೊಂಡು ಓದು. ಹೆಚ್ಚುಕಡಿಮೆ ಒಂದು ವರ್ಷ ನಿನ್ನ ಜೊತೆ ಮಾತು ಬಿಟ್ಟವನಿಗೆ ಈಗ ಬರೆಯುವ ಹಕ್ಕಾದರೂ ಇದೆಯೋ ಇಲ್ಲವೋ...

ನಾವು ದ್ರಾಕ್ಷಿ ಬೆಳೆಯುವವರೆಲ್ಲ ಸೇರಿ ಕಂಪನಿ ಮಾಡಿದ ದಿನ ನೆನಪಿದೆಯೇ? ಅಥಣಿ ರಸ್ತೆಯ ಬದಿಗೆ ನಮ್ಮದೇ ಕೋಲ್ಡ್ ಸ್ಟೋರೇಜ್ ಎದ್ದಿತು. ದ್ರಾಕ್ಷಿ ಒಣಗಿಸಿ ಮಾಡಿದ ಮಣೂಕ ಇಡಲು ಇನ್ನು ಸಾಂಗ್ಲಿಗೆ ಓಡುವುದು ಬೇಡ ಅಂತ ಎಲ್ಲರಿಗೂ ಹಿಗ್ಗು. ನಿನ್ನ ಗಂಡ, ನಮ್ಮ ಮಾವ, ತೀರಿಕೊಂಡ ಮೇಲೆ ತೋಟ ನೀನೇ ನೋಡುತ್ತಿದ್ದೆ, ಹಾಗಾಗಿ ಷೇರು ನಿನ್ನ ಹೆಸರಿಗೇ ಬಂತು. ನನ್ನ ಷೇರಿನ ಕಾಗದವನ್ನು ನಾನು ಮಡಚಿ ಟ್ರಂಕಿಗೆ ಹಾಕಿದೆ. ನೀನು ಮೂಗಿಗೆ ಚಾಳೀಸು ಏರಿಸಿಕೊಂಡು ಹಿಂದೆ ಮುಂದೆ ಎಲ್ಲ ಓದಿದೆ. ನಾವೇ ಮಾಲೀಕರು ಅಂತ ಇದರಲ್ಲಿ ಬರೆದಿದ್ದಾರಲ್ಲೋ ಅಂದೆ. ನಾನು ನಕ್ಕೆ. ಯಾಕೆ ನಕ್ಕೆನೋ.

ವರ್ಷಕ್ಕೊಮ್ಮೆ ವಾರ್ಷಿಕ ಸಭೆ. ಪ್ರತಿ ಠರಾವಿಗೂ ಒಬ್ಬ ಸೂಚಕ, ಒಬ್ಬ ಅನುಮೋದಕ. ನಮ್ಮ ಕಡೆ ಅದು ಮದುವೆಯ ಮರ್ಯಾದೆ ಇದ್ದ ಹಾಗೆ. ಹಿರಿಯರನ್ನು ವೇದಿಕೆಗೆ ಕರೆದು, ಕುಂಕುಮ ಹಚ್ಚಿ, ತಲೆಗೆ ಪಟಗಾ ಸುತ್ತಿ ಕೂಡಿಸುವುದು. ನನ್ನ ದನಿ ದೊಡ್ಡದು ಅಂತ ಪ್ರತಿ ವರ್ಷ ನನ್ನನ್ನೇ ಕರೆಯುತ್ತಿದ್ದರು. ಕಾರಕೂನ ಓದುವುದು, ನನ್ನ ಅನುಮೋದನೆ ಐತ್ರಿ ಅಂತ ನಾನು ಒದರುವುದು, ಎಲ್ಲರೂ ಕೈ ಎತ್ತಿ ಊಟಕ್ಕೆ ಏಳುವುದು. ಒಂದು ಸಲ ಆ ಪಟಗಾದಲ್ಲೇ ಪಾಲಬಾವಿಗೆ, ನಿನ್ನ ಮನೆಗೆ ಬಂದಿದ್ದೆ. ನೀನು ಬಾಗಿಲಲ್ಲೇ ನಿಂತು, "ತಲೀಗೆ ಏನ್ ಸುತ್ಯಾರ ಅದು ಕಾಣತೈತಿ. ಯಾತಕ್ಕ ಸುತ್ಯಾರ ಅಂತ ಕೇಳಿದೇನು?" ಅಂದೆ. ನನಗೆ ಸಿಟ್ಟು ಬಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಹೋದ ವರ್ಷದ ಸಭೆ. ಅದನ್ನು ಬರೆಯಬೇಕು ಅಂತಲೇ ಇಷ್ಟು ಸುತ್ತಿ ಬಳಸಿ ಬಂದೆ. ಕೋಲ್ಡ್ ಸ್ಟೋರೇಜನ್ನು ಒಂದು ಖಾಸಗಿ ಕಂಪನಿಗೆ ಲೀಸಿಗೆ ಕೊಡುವ ಠರಾವು. ಕಾರಕೂನ ಗಡಿಬಿಡಿಯಲ್ಲಿ ಓದಿ ಮುಗಿಸಿದ. ಹೆಂಗಸರು ಕೂತ ಕಡೆಯಿಂದ ನೀನು ಎದ್ದೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಸಭೆಯ ನೋಟಿಸು.

"ಅಧ್ಯಕ್ಷರ, ಆ ಕಂಪನಿ ನಿಮ್ಮ ಅಳಿಯಂದ ಹೌದಲ್ಲರಿ? ಕೊಡವ್ರೂ ನೀವ, ತಗೊಳ್ಳವ್ರೂ ನೀವ. ಕೈ ಎತ್ತವ್ರರ ಬ್ಯಾರೆದವ್ರು ಇರಬೇಕಲ್ಲ?"

ಅಧ್ಯಕ್ಷರು ಮುಗುಳ್ನಕ್ಕರು. ಮಾವಶಿ, ಊಟ ಆರತೈತಿ ಅಂತ ಹಿಂದಿನಿಂದ ಯಾರೋ ಅಂದ. ಪೆಂಡಾಲೆಲ್ಲ ನಗೆ. ಆ ನಗೆ ನನ್ನ ಮೇಲೇ ಬಿದ್ದಂತಾಯಿತು. ಹಿರಿಯಳು ಅಂತಲೂ ನೋಡದೆ ಮೈಕಿನಲ್ಲೇ ಒದರಿದೆ.

"ಕುಂದ್ರ ಬೇ ಸುಮ್ನ. ಮಂದ್ಯಾಗ ನನ್ನ ಮಾನಾ ಕಳೀಬ್ಯಾಡ."

ನೀನು ಕೂಡಲಿಲ್ಲ. ನನ್ನ ಮುಖ ನೋಡಿ, "ನಾ ಕೇಳಿದ್ದು ಅವ್ರನ್ನ. ನೀ ಯಾಕ ಉತ್ತರಾ ಕೊಟ್ಟಿ?" ಅಂದೆ. ಊಟಕ್ಕೂ ನಿಲ್ಲದೆ ಹೊರಟುಹೋದೆ. ನಾನು ಅನುಮೋದನೆ ಕೊಟ್ಟೆ.

ಮುಂದಿನ ಹಂಗಾಮಿಗೆ ಅಳಿಯನ ಮಾಲು ಒಳಗೆ, ನಮ್ಮ ಮಣೂಕ ಹೊರಗೆ. ಜಾಗ ಸಿಗುವಷ್ಟರಲ್ಲಿ ಬಿಸಿಲಿಗೆ ಕಪ್ಪಿಟ್ಟಿತು. ನಿನ್ನದೂ ಹಾಳಾಯಿತು ಅಂತ ಬೇರೆಯವರ ಬಾಯಲ್ಲಿ ಕೇಳಿದೆ. ಬಂದು ನೋಡಿದೆನೇ? ಇಲ್ಲ. ಪ್ರತಿ ವರ್ಷ ಪಂಚಮಿಗೆ ನಿನ್ನನ್ನು ತವರಿಗೆ ಕರೆಯಲು ಬರುತ್ತಿದ್ದವನು, ಈ ವರ್ಷ ಅದಕ್ಕೂ ಬರಲಿಲ್ಲ. ಅವಳೇ ಮೊದಲು ಮಾತಾಡಲಿ ಅಂತ ಕೂತೆ. ಹಬ್ಬ ಮುಗಿದು ಒಂಬತ್ತನೇ ದಿನ ನಿನಗೆ ಎದೆನೋವು ಅಂತ ಫೋನು. ಮಿರಜದ ದವಾಖಾನೆಗೆ ಒಯ್ಯುವ ದಾರಿಯಲ್ಲೇ... ನಾನು ಮುಟ್ಟುವಷ್ಟರಲ್ಲಿ ಮುಖದ ಮೇಲೆ ಅರಿವೆ ಎಳೆದಿದ್ದರು. ಎಲ್ಲರನ್ನೂ ಬೈದು ಬಾಳಿದವನು ನಾನು. ಆ ಹೊತ್ತು ಬೈಯಲು ಒಬ್ಬನೂ ಸಿಗಲಿಲ್ಲ.

ನಿನ್ನ ದಿನಕರ್ಮ ತೀರಿದ ಮೇಲೆ ಕಂಪನಿಯ ಆಫೀಸಿಗೆ ಕರೆದರು. ನಿನ್ನ ಷೇರಿಗೆ ನಾಮಿನಿ ನಾನಂತೆ. ಫಾರ್ಮು ನೋಡಿದೆ, ನಿನ್ನದೇ ಅಕ್ಷರ. ಅದೂ ಜಗಳ ಆದ ಮೇಲೆ ತುಂಬಿದ್ದು! ನನ್ನ ಹೆಸರು, ಮುಂದೆ ಸಂಬಂಧ ಏನು ಅಂತ ಕೇಳಿದಲ್ಲಿ 'ತಮ್ಮ' ಅಂತ. ಅಲ್ಲಿ ಕೂತಲ್ಲೇ ನನಗೆ ಆ ಸಭೆಯ ನಡಾವಳಿ ಪುಸ್ತಕ ನೋಡಬೇಕು ಅನ್ನಿಸಿತು. ನೀನು ಕೇಳಿದ್ದನ್ನು ಹೇಗೆ ಬರೆದಿದ್ದಾರೆ, ನಾನು ಅಂದದ್ದನ್ನು ಹೇಗೆ ಬರೆದಿದ್ದಾರೆ ಅಂತ. ಬೆರಳಿಟ್ಟು ಓದಿದೆ. 'ಸದಸ್ಯರಿಂದ ಯಾವ ಪ್ರಶ್ನೆಯೂ ಬರಲಿಲ್ಲ. ಠರಾವು ಸರ್ವಾನುಮತದಿಂದ ಮಂಜೂರು.' ಅನುಮೋದಕರು ಅನ್ನುವಲ್ಲಿ ನನ್ನ ಹೆಸರು. ನೀನು ಸಭೆಗೆ ಬಂದೇ ಇಲ್ಲವೇನೋ ಅನ್ನುವ ಹಾಗೆ.

ಕಾರಕೂನನ ಮೇಲೆ ರೇಗಿದೆ. ಅವನು ತಣ್ಣಗೆ, "ಕಾಕಾ, ಕುಂದ್ರಿಸಿದವ್ರು ನೀವ ಅಲ್ಲೇನ್ರಿ?" ಅಂದ. ಎತ್ತಿದ ಕೈ ಇಳಿಸಿದೆ. ಅವನು ಅಂದದ್ದರಲ್ಲಿ ಸುಳ್ಳೇನಿತ್ತು?

ಈ ವರ್ಷದ ಸಭೆ ಆಗಿ ವಾರವಾಯಿತು. ಲೀಸನ್ನು ಮುಂದುವರಿಸುವ ಠರಾವು. ಪಟಗಾ ಹಿಡಿದುಕೊಂಡು ಬಂದರು, ನಾನು ತಲೆ ಕೊಡಲಿಲ್ಲ. ವೇದಿಕೆ ಹತ್ತದೆ ಕೆಳಗೇ ನಿಂತೆ. ಎರಡು ಸಲ ಕೆಮ್ಮಿ ಶುರು ಮಾಡಿದೆ.

"ಹ್ವಾದ ವರ್ಷ ನಮ್ಮಕ್ಕ, ಪಾಲಬಾವಿ ಗಂಗವ್ವ, ಈ ಲೀಸಿನ ಕಂಪನಿ ಅಧ್ಯಕ್ಷರ ಅಳಿಯಂದ ಹೌದೋ ಅಲ್ಲೋ ಅಂತ ಕೇಳಿದ್ಳು. ನಾ ಒದರಿ ಕುಂದ್ರಿಸಿದೆ. ಬುಕ್ಕಿನ್ಯಾಗ ಯಾರೂ ಕೇಳಲಿಲ್ಲ ಅಂತ ಬರದೀರಿ, ಅದು ಸುಳ್ಳ. ಈಗ ನಾ ಹೇಳಿದ್ದು ಬರಕೋರಿ. ಬರಿಯೂ ತನಕಾ ಇಲ್ಲಿಂದ ಸರಿಯೂದಿಲ್ಲ."

ಅಧ್ಯಕ್ಷರು ಮೈಕು ಹಿಡಿದು, ಕಾಕಾ ದುಃಖದಲ್ಲಿದ್ದಾರೆ, ಊಟ ಆದ ಮೇಲೆ ಮಾತಾಡೋಣ ಅಂದರು. ನಾನು ಕದಲಲಿಲ್ಲ. ನೀನು ಅಷ್ಟು ಮಂದಿಯ ನಗೆಯ ನಡುವೆ ಹೇಗೆ ನಿಂತಿದ್ದೆ ಅಕ್ಕಾ? ಈ ಸಲ ನಗುವವರು ಯಾರೂ ಇರಲಿಲ್ಲ, ಆದರೂ ನಾನು ಕುರ್ಚಿ ಹಿಡಿದುಕೊಂಡೇ ನಿಂತೆ. ಕಡೆಗೆ ಕಾರಕೂನ ಪೆನ್ನು ತೆಗೆದ.

ಗೆದ್ದೆ ಅಂತ ತಿಳಿಯಬೇಡ. ಅಧ್ಯಕ್ಷರೂ ಕೈ ಎತ್ತಿದರು, ಅವರ ಮಂದಿಯೂ ಎತ್ತಿದರು, ಠರಾವು ಪಾಸಾಯಿತು. ವಿರುದ್ಧ ಎದ್ದ ಕೈ ಹನ್ನೊಂದು. ಒಂದು ನನ್ನದು, ಉಳಿದ ಹತ್ತೂ ಹೆಂಗಸರವು. ಸ್ವಂತದವರಿಗೆ ಕೊಡುವಾಗ ಅಧ್ಯಕ್ಷರು ಕೈ ಎತ್ತುವ ಹಾಗಿಲ್ಲ ಅಂತ ಚಿಕ್ಕೋಡಿಯ ವಕೀಲರು ಹೇಳಿದ್ದಾರೆ. ಮೇಲಿನವರಿಗೆ ತಕರಾರು ಬರೆಸುತ್ತೇನೆ. ಎಷ್ಟು ವರ್ಷ ಹಿಡಿದರೂ ಅದನ್ನು ಬಿಡುವವನಲ್ಲ.

ನಿನ್ನೆ ಹೋಗಿ ನಡಾವಳಿಯ ನಕಲು ತಂದೆ. ಹೋದ ವರ್ಷದ ಪುಟ ತಿದ್ದಲು ಬರುವುದಿಲ್ಲವಂತೆ. ಈ ವರ್ಷದ್ದರಲ್ಲಿ ಹೀಗಿದೆ: 'ಹಿಂದಿನ ವಾರ್ಷಿಕ ಸಭೆಯಲ್ಲಿ ದಿವಂಗತ ಗಂಗವ್ವ ಇವರು ಪ್ರಶ್ನೆ ಕೇಳಿದ್ದರೆಂದೂ, ಅವರನ್ನು ತಾನೇ ತಡೆದೆನೆಂದೂ ಸದಸ್ಯರಾದ ಕಲ್ಲಪ್ಪ ಸಭೆಗೆ ತಿಳಿಸಿದರು.' ಎಲ್ಲವನ್ನೂ ನಾನೇ ಓದಿದೆ, ಯಾರ ಕೈಯಲ್ಲೂ ಓದಿಸಲಿಲ್ಲ. ನಿನ್ನ ಹೆಸರಿನ ಹಿಂದಿನ ಆ ಒಂದು ಶಬ್ದ ದಾಟಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಕಲ್ಲಪ್ಪ