ಬಂಡಳ್ಳಿಯ ಕೆಂದು ಮರಿ

ಜನವರಿ 7, ಭಾನುವಾರ
ಕುಂತೂರಿನ ಸಕ್ಕರೆ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದೆ. ದಾರಿ ತುಂಬ ಕಬ್ಬಿನ ಟ್ರಾಕ್ಟರ್. ನಾಗಶ್ರೀ ಇವತ್ತೂ ನನ್ನ ಹತ್ತಿರ ಮಾತಾಡಲಿಲ್ಲ. ಮಗಳಿಗೆ ಹತ್ತು ವರ್ಷ, ಹಟ ಮಾತ್ರ ಅವಳಜ್ಜಿಯದು. ಅವಳ ನಾಯಿಮರಿ ಸತ್ತು ಇಪ್ಪತ್ತೈದು ದಿನ. ಅಮಾವಾಸ್ಯೆ ಕಳೆಯಲಿ ಎಂದು ಲಸಿಕೆಯ ಇಂಜೆಕ್ಷನ್ ಮುಂದೂಡಿದವನು ನಾನೇ. ಯಾರನ್ನು ಬಯ್ಯಲಿ?
ಇನ್ನೊಂದು ತರಬೇಕು. ಈ ಸಲ ಸರಿಯಾಗಿ.

ಜನವರಿ 14
ಹನೂರು. ಒಬ್ಬ ರಟ್ಟಿನ ಡಬ್ಬದಲ್ಲಿ ಐದು ಮರಿ ಇಟ್ಟುಕೊಂಡಿದ್ದ. "ಒರಿಜಿನಲ್ ಲ್ಯಾಬ್ ಸಾ, ತಕಂಡೋಗಿ." ತಾಯಿ ಎಲ್ಲಿದೆಯಪ್ಪ ಅಂದೆ. "ತಾಯಿ ತಕಂಡು ಏನ್ಮಾಡೀರಿ ಸಾ?" ಮರಿಗಳಿಗೆ ನೆಟ್ಟಗೆ ನಿಲ್ಲಲೂ ಬರುತ್ತಿರಲಿಲ್ಲ. ಒಂದು ನನ್ನ ಬೆರಳು ಚೀಪಿತು... ಇನ್ನೂ ಹಾಲು ಬಿಡದ ಮರಿ. ಬರಿಗೈಲಿ ವಾಪಸ್.

ಜನವರಿ 21
ಬಂಡಳ್ಳಿಯ ಪುಟ್ಟಮಾದಮ್ಮನ ಮನೆಯಲ್ಲಿ ನಾಯಿ ಮರಿ ಹಾಕಿದೆ ಎಂದು ಫ್ಯಾಕ್ಟರಿಯ ನಾಗಯ್ಯ ಹೇಳಿದ್ದ. ನಾಗಶ್ರೀಯನ್ನೂ ಕರೆದೊಯ್ದೆ. ಬೈಕಿನಲ್ಲಿ ನನ್ನನ್ನು ಹಿಡಿಯದೆ ಕೂತಳು.
ನಾಡು ನಾಯಿ, ಕೆಂದು ಬಣ್ಣ. ನಾಲ್ಕು ಮರಿಗೆ ಹಾಲೂಡಿಸುತ್ತ ಮಲಗಿತ್ತು. ಏನೇನು ಕೇಳಬೇಕೆಂದು ಚೀಟಿ ಬರೆದುಕೊಂಡು ಹೋಗಿದ್ದೆ. ಕೇಳಿದ್ದೆಲ್ಲ ಪುಟ್ಟಮಾದಮ್ಮನೇ!
"ಮನೇಲಿ ಯಾರ್ಯಾರವ್ರೆ? ಅಗಲೆಲ್ಲ ಕಟ್ಟಾಕ್ತೀರಾ? ಮುಂಚೆ ನಾಯಿ ಸಾಕಿದ್ರಾ?"
"ಇಲ್ಲ ಕಣವ್ವ, ಇದೇ ಮೊದಲು" ಅಂದುಬಿಟ್ಟೆ. ಥೂ ನನ್ನ ಬಾಯಿಗೆ!
ನಾಗಶ್ರೀ ಎದ್ದು ನಿಂತಳು. "ಸುಳ್ಳು ಕಣಜ್ಜಿ. ಒಂದಿತ್ತು, ಸತ್ತೋಯ್ತು. ಅಪ್ಪ ಇಂಜೆಕ್ಷನ್ ಆಕ್ಸಲಿಲ್ಲ."
ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.
ಪುಟ್ಟಮಾದಮ್ಮ ನನ್ನ ಮುಖ ನೋಡಲಿಲ್ಲ. "ನಿಮ್ಗೆ ಕೊಡಕಿಲ್ಲ. ಈ ಮಗೀಗೆ ಕೊಟ್ಟೇನು. ಈಗ್ಲೇ ಅಲ್ಲ, ಎರಡು ತಿಂಗ್ಳು ತುಂಬ್ಲಿ. ಅಲ್ಲೀಗಂಟ ವಾರವಾರ ಬಂದು ತಾಯ್ಗೆ ಮುದ್ದೆ ಆಕವ್ವ. ಅದೂ ನಿನ್ ಗುರ್ತು ಇಡೀಲಿ."

ಜನವರಿ 28
ಮುದ್ದೆ, ಮೊಸರು. ತಾಯಿ ಗುರ್ ಅಂತು. ನಾಗಶ್ರೀ ಕದಲಲಿಲ್ಲ. ನಾನು ಎರಡು ಹೆಜ್ಜೆ ಹಿಂದೆ.

ಫೆಬ್ರವರಿ 11
ಇವತ್ತು ತಾಯಿನಾಯಿ ಅವಳ ಕೈಯಿಂದಲೇ ತಿಂದಿತು! ಮೂರು ಗಂಡು ಮರಿಯೂ ತಮಗೇ ಎಂದು ಊರವರು ಮೊದಲೇ ಹೇಳಿಟ್ಟಿದ್ದಾರೆ. ಉಳಿದದ್ದು ಹೆಣ್ಣು. ನಾಗಶ್ರೀ ಎತ್ತಿಕೊಂಡದ್ದೂ ಅದನ್ನೇ. ಹೆಣ್ಣು ಬೇಡ ಅನ್ನಲು ಬಾಯಿ ತೆರೆದೆ... ಮುಚ್ಚಿಕೊಂಡೆ. ಮರಿಯಾಗದ ಹಾಗೆ ಆಪರೇಷನ್ ಯಾವಾಗ ಮಾಡಿಸಬೇಕು ಎಂದು ಡಾಕ್ಟರನ್ನು ಕೇಳಬೇಕು.

ಫೆಬ್ರವರಿ 26, ಸೋಮವಾರ, ಬೆಳಿಗ್ಗೆ 10
ಕೊಳ್ಳೇಗಾಲ, ಪಶು ಆಸ್ಪತ್ರೆಯ ಬೆಂಚು. ನಿನ್ನೆ ಮರಿ ಮನೆಗೆ ಬಂತು, ಇವತ್ತೇ ಇಂಜೆಕ್ಷನ್ನಿಗೆ ಇಲ್ಲಿದ್ದೇವೆ. ನಾನು ರಜೆ ಹಾಕಿದ್ದೇನೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಕಾರ್ಡಿಗೆ ಮಾಲೀಕರ ಹೆಸರು ಕೇಳಿದರು. ನಾಗಶ್ರೀ ಅಂತಲೇ ಬರೆಸಿದೆ. ಅವಳು ಒಮ್ಮೆ ತಿರುಗಿ ನೋಡಿದಳು, ಅಷ್ಟೆ.
ಒಳಗೆ ಕರೆದರು. ಅವಳು ಮರಿ ಎತ್ತಿಕೊಂಡು ಹೋದಳು. ನಾನೂ ಏಳಬೇಕು, ಅವಳು ಬೇಡ ಅಂದರೆ ಎಂಬ ಭಯ. ಬಾಗಿಲಲ್ಲಿ ನಿಂತಿದ್ದಾಳೆ. ಮರಿ ಅವಳ ತೋಳಿನಲ್ಲಿ ಕೊಸರಾಡುತ್ತಿದೆ.
"ಅಪ್ಪಾ, ನೀನೂ ಬಾ, ಮರೀನ ಇಡ್ಕೋ—"
ನನ್ನನ್ನೇ. ನನ್ನನ್ನೇ ಕರೆದಳು. ಪೆನ್ನಿನ ಕ್ಯಾಪ್ ಎಲ್ಲಿ—